ಸಾಲ ಗೊತ್ತಿಲ್ಲದವನ ಕ್ರೆಡಿಟ್ ಕಾರ್ಡು

ನಾನು ಜೀವಮಾನದಲ್ಲಿ ಒಂದು ಕಾಸೂ ಸಾಲ ಮಾಡಿದವನಲ್ಲ. ಈ ಮಾತನ್ನು ಮೈಸೂರಿನಲ್ಲಿ ಹೇಳಿದರೆ ಹೆಣ್ಣು ಕೊಡುತ್ತಾರೆ. ನನಗೆ ಕೊಟ್ಟದ್ದೂ ಹೆಚ್ಚುಕಡಿಮೆ ಅದಕ್ಕೇ. ಅದೇ ಮಾತನ್ನು ಐರ್ಲೆಂಡಿನ ಬ್ಯಾಂಕೊಂದರಲ್ಲಿ ಎದೆಯುಬ್ಬಿಸಿ ಹೇಳಿದಾಗ, ಗೃಹಸಾಲದ ಮೇಜಿನಾಚೆ ಕುಳಿತಿದ್ದ ಓರ್ಲಾ ಎಂಬ ಹೆಣ್ಣುಮಗಳ ಮುಖ ಮೆತ್ತಗಾಯಿತು. ನಾವು ಡಾಕ್ಟರುಗಳು ಕೆಟ್ಟ ಸುದ್ದಿ ಹೇಳುವ ಮೊದಲು ಒಂದು ಮುಖ ಮಾಡಿಕೊಳ್ಳುತ್ತೇವಲ್ಲ, ಅದೇ ಮುಖ. ಕಾರ್ಡು, ಕಾರಿನ ಸಾಲ, ಏನೂ ಇಲ್ಲವೇ ಎಂದು ಇನ್ನೊಮ್ಮೆ ಕೇಳಿದಳು. ಏನೂ ಇಲ್ಲ ಎಂದೆ. ಹಾಗಾದರೆ ಕೊಟ್ಟ ಸಾಲವನ್ನು ನೀವು ತೀರಿಸುತ್ತೀರಿ ಎಂದು ನಾವು ತಿಳಿಯುವುದು ಹೇಗೆ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದಳು.

ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಶೋಕಿಗಲ್ಲ. ನಾವು ಬಾಡಿಗೆಗಿರುವ ಮನೆ ಕಾರ್ಕ್ ನಗರದ ಉತ್ತರದ ಏರಿನಲ್ಲಿದೆ, ಹಾಲಿಹಿಲ್ ಕಡೆ. ಹೆಂಡತಿ ಸುಧಾ ಅಲ್ಲಿಂದ ಆಫೀಸಿಗೆ ನಡೆದೇ ಹೋಗುತ್ತಾಳೆ. ಮಗಳು ಇಳಾಳ ಶಾಲೆ ಬೀದಿಯ ಕೊನೆಯಲ್ಲೇ ಇದೆ. ಒಂದು ದಿನ ಮನೆಯ ಒಡತಿ ನೋರೀನ್ ಚಹಾಕ್ಕೆ ಬಂದವರು, ತಮಗೆ ವಯಸ್ಸಾಯಿತೆಂದೂ, ಸಮುದ್ರದ ದಂಡೆಯಲ್ಲಿರುವ ತಂಗಿಯ ಜೊತೆ ಇರಲು ಹೋಗುವುದಾಗಿಯೂ, ಮುಂದಿನ ಬೇಸಿಗೆಗೆ ಮನೆ ಮಾರುವುದಾಗಿಯೂ ಹೇಳಿದರು. ಬ್ಯಾಂಕು ನಿಮಗೆ ಸಾಲ ಕೊಟ್ಟರೆ ಮನೆ ನಿಮ್ಮದೇ, ಇಲ್ಲದಿದ್ದರೆ ಮಾರಾಟದ ಬೋರ್ಡು ಹಾಕಲೇಬೇಕಾಗುತ್ತದೆ ಎಂದು ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಈ ಊರಿನಲ್ಲಿ ಬಾಡಿಗೆಗೆ ಒಂದು ಮನೆ ಖಾಲಿಯಾದರೆ ನೋಡಲು ಬಂದವರ ಸಾಲು ಬೀದಿ ತಿರುವಿನವರೆಗೂ ಇರುತ್ತದೆ. ಇನ್ನೊಂದು ಮನೆ ಸಿಕ್ಕುವುದು ಅನುಮಾನವೇ.

ಇಳಾಗೆ ಆಗ ಏಳು ವರ್ಷ. ಅವಳು ಹುಟ್ಟಿದಾಗಿನಿಂದ ನನ್ನ ತರಬೇತಿಯ ಹಿಂದೆ ಊರೂರು ಸುತ್ತಿದವಳು. ಇಲ್ಲಿ ಕಿರಿಯ ವೈದ್ಯರನ್ನು ಆರಾರು ತಿಂಗಳಿಗೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತಾರೆ. ಹಿಂದಿನ ಊರಿನ ಶಾಲೆಯಲ್ಲಿ ಮಗು ತಿಂಗಳುಗಟ್ಟಲೆ ಯಾರ ಜೊತೆಗೂ ಮಾತಾಡಿರಲಿಲ್ಲ. ನನಗೆ ಖಾಯಂ ಕೆಲಸ ಸಿಕ್ಕಿ ಕಾರ್ಕಿಗೆ ಬಂದ ಮೇಲೆ ಅವಳಿಗೊಬ್ಬಳು ಗೆಳತಿ ಸಿಕ್ಕಳು, ಅವಳ ಜೊತೆಗೆ ಕಾರ್ಕಿನ ರಾಗವೂ ಅಂಟಿಕೊಂಡಿತು. ಮನೆ ಮಾರುವ ಸುದ್ದಿಯನ್ನು ನಾವು ಕನ್ನಡದಲ್ಲಿ ಪಿಸುಗುಟ್ಟಿದರೆ, "ಐ'ಮ್ ನಾಟ್ ಮೂವಿಂಗ್ ಅಗೇನ್, ಲೈಕ್" ಎಂದು ಕಾರ್ಕಿನವರಂತೆ ಕೊನೆಗೊಂದು ಲೈಕ್ ಸೇರಿಸಿ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟು ಹೊದಿಕೆ ಎಳೆದುಕೊಂಡಳು. ನನಗೆ ನಿಜವಾಗಿಯೂ ಭಯವಾಯಿತು.

ಓರ್ಲಾಳ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಬಂದೆ. ನಮ್ಮ ಹಿರಿಯರ ಪ್ರಕಾರ ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಸಾಲಗಳನ್ನು ಹೊತ್ತು ಬರುತ್ತಾನೆ. ಅಂದರೆ ನನಗೂ ಒಂದು ಸಾಲದ ಇತಿಹಾಸ ಇದ್ದೇ ಇದೆ, ಅದೂ ಬಹಳ ಹಳೆಯದು. ಆದರೆ ಋಷಿಗಳಿಂದ ಪ್ರಮಾಣಪತ್ರ ತರುವುದು ಎಲ್ಲಿಂದ? ಇನ್ನೊಂದು ಮಾತೂ ಮನಸ್ಸಿಗೆ ಚುಚ್ಚುತ್ತಿತ್ತು. ನಾನು ಅರಿವಳಿಕೆ ವೈದ್ಯ. ಗುರುತು ಪರಿಚಯವಿಲ್ಲದ ಜನ ದಿನಾ ಬೆಳಗ್ಗೆ ನನ್ನ ಮುಂದೆ ಮಲಗಿ, ಉಸಿರನ್ನೇ ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚುತ್ತಾರೆ. ಅವರಲ್ಲಿ ಯಾರೂ ನಿಮ್ಮ ಹಿಂದಿನ ವಿಳಾಸಗಳನ್ನು ತನ್ನಿ ಎಂದು ಕೇಳಿಲ್ಲ. ಬ್ಯಾಂಕು ಮಾತ್ರ ಕೇಳಿತು, ಆರಾರು ತಿಂಗಳಿಗೆ ಬದಲಾದ ಆ ವಿಳಾಸಗಳನ್ನು ಕಂಡು ಇವನು ಯಾರಿಂದ ತಪ್ಪಿಸಿಕೊಂಡು ಓಡುತ್ತಿದ್ದಾನೋ ಎಂದುಕೊಂಡಿದ್ದರೆ ಅದರ ತಪ್ಪೂ ಅಲ್ಲ.

ಓರ್ಲಾ ಒಂದು ದಾರಿ ಹೇಳಿದ್ದಳು. ಸಣ್ಣದೊಂದು ಕ್ರೆಡಿಟ್ ಕಾರ್ಡು ತೆಗೆದುಕೊಳ್ಳಿ, ಸಾಮಾನು ಕೊಳ್ಳಿ, ತಿಂಗಳು ತಿಂಗಳು ತಪ್ಪದೆ ತೀರಿಸಿ, ಮುಂದಿನ ವರ್ಷ ಬನ್ನಿ ಎಂದು. ಹಾಗೆ ಕಾರ್ಡು ಬಂತು. ನಾನು ಅದರಲ್ಲಿ ಹಾಲು ಕೊಂಡೆ. ಕೊಂಡು ಕಾರಿನಲ್ಲಿ ಕುಳಿತ ತಕ್ಷಣ ಸಾಲಗಾರನಾದೆನಲ್ಲ ಎನ್ನಿಸಿತು. ಅಲ್ಲೇ ಫೋನು ತೆಗೆದು ಹಾಲಿನ ದುಡ್ಡು ತೀರಿಸಿದೆ. ಮರುದಿನ ಬ್ರೆಡ್ಡು, ಮತ್ತೆ ಅದೇ ಕಥೆ. ಸುಧಾ ಸ್ವಲ್ಪ ದಿನ ನೋಡಿದಳು. "ರೀ, ಸಾಲ ಒಂದು ರಾತ್ರಿನಾದ್ರೂ ನಮ್ಮನೇಲಿ ಮಲಗಲಿ ಬಿಡಿ. ಬಿಲ್ ಬರೋಕೂ ಮುಂಚೆ ತೀರಿಸಿಬಿಟ್ರೆ ನೀವು ಸಾಲ ಮಾಡಿದ್ದು ಯಾರಿಗೆ ಗೊತ್ತಾಗತ್ತೆ?" ಎಂದಳು. ಬಿಲ್ಲಿನ ಹಣ ತನ್ನಷ್ಟಕ್ಕೆ ಖಾತೆಯಿಂದ ಹೋಗುವಂತೆ ಡೈರೆಕ್ಟ್ ಡೆಬಿಟ್ ಮಾಡಿಬಿಡಿ ಎಂದೂ ಹೇಳಿದಳು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಕೊಡಬೇಕಾದ್ದನ್ನು ನಾವೇ ಕೈಯಾರೆ ಕೊಡಬೇಕು, ಪರರು ಜೇಬಿಗೆ ಕೈ ಹಾಕಿ ತೆಗೆದುಕೊಳ್ಳುವುದೆಂದರೇನು ಎಂದು ವಾದಿಸಿದೆ. ಎಡವಿದ್ದು ಅಲ್ಲೇ.

ಒಂದು ತಿಂಗಳು ಹಣ ಕಟ್ಟುವ ಕೊನೆಯ ದಿನ ಶುಕ್ರವಾರ ಬಂತು. ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಸುಧಾ ಆಗಲೇ ದೇವರ ದೀಪ ಹಚ್ಚಿದ್ದಳು. ನಾನು ಫೋನು ತೆಗೆದೆ, ಮೊತ್ತ ಒತ್ತಿದೆ, ಬೆರಳು ನಿಂತಿತು. "ಶುಕ್ರವಾರ ದೀಪ ಹಚ್ಚಿದ್ಮೇಲೆ ದುಡ್ಡು ಹೊರಗೆ ಕೊಡಬಾರ್ದು ಕಣೋ, ಲಕ್ಷ್ಮಿ ಎದ್ದು ಹೋಗ್ತಾಳೆ" ಎಂದು ಅಮ್ಮ ಹೇಳಿದ್ದು ಕಿವಿಯಲ್ಲೇ ಕೇಳಿಸಿತು. ನಾನು ಇಂಥವನ್ನೆಲ್ಲ ನಂಬುವವನಲ್ಲ ಎಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎಷ್ಟೋ ಸಲ ಭಾಷಣ ಬಿಗಿದಿದ್ದೇನೆ. ಬೆರಳಿಗೆ ಅದು ಗೊತ್ತಿರಲಿಲ್ಲ. ನಮ್ಮ ಮೈಸೂರಿನ ಬೀದಿಯಲ್ಲಿ ಅಮ್ಮ ಹಾಲಿನವನಿಗೂ ನಾಳೆ ಬಾಪ್ಪ ಎನ್ನುತ್ತಿದ್ದಳು, ಅವನೂ ಬೇಸರಪಡದೆ ಹೋಗುತ್ತಿದ್ದ, ಯಾಕೆಂದರೆ ಅವನ ಮನೆಯಲ್ಲೂ ಅದೇ ಪದ್ಧತಿ. ನಾನೂ ನಾಳೆ ಕೊಟ್ಟರಾಯಿತು ಎಂದು ಫೋನು ಪಕ್ಕಕ್ಕಿಟ್ಟೆ. ಶನಿವಾರ ಬೆಳಗ್ಗೆ ಕಳಿಸಿದೆ. ಆ ಸೋಮವಾರ ಬ್ಯಾಂಕ್ ಹಾಲಿಡೇ. ಹಣ ತಲುಪಿದ್ದು ಮಂಗಳವಾರ. ಮುಂದಿನ ಬಿಲ್ಲಿನಲ್ಲಿ, ತಡವಾದದ್ದಕ್ಕೆ ದಂಡ ಎಂಬ ಒಂದು ಸಾಲು ನನ್ನ ಹೆಸರಿನ ಕೆಳಗೆ ಕೂತಿತ್ತು.

ವರ್ಷ ಕಳೆದು ಮತ್ತೆ ಓರ್ಲಾಳ ಮುಂದೆ ಕೂತಾಗ ಅವಳ ಪೆನ್ನು ನೆಟ್ಟಗೆ ಅದೇ ಸಾಲಿನ ಮೇಲೆ ಹೋಗಿ ನಿಂತಿತು. ನನಗೇನೂ ತೊಂದರೆಯಿಲ್ಲ, ಆದರೆ ಮೇಲಿನವರು ಕೇಳುತ್ತಾರೆ, ಕಾರಣ ಹೇಳಿ ಎಂದಳು. ಆಸ್ಪತ್ರೆಯಲ್ಲಿ ತುರ್ತು ಕೆಲಸವಿತ್ತು ಅಂದುಬಿಡಿ ಎಂದು ಸುಧಾ ಹೊರಡುವಾಗಲೇ ಹೇಳಿಕೊಟ್ಟಿದ್ದಳು. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಅಮ್ಮನನ್ನು ಬಿಟ್ಟುಕೊಟ್ಟಂತೆ ಅನ್ನಿಸಿತು. ನಾಚಿಕೆಯಿಂದಲೇ ದೀಪ, ಲಕ್ಷ್ಮಿ, ಶುಕ್ರವಾರ, ಎಲ್ಲವನ್ನೂ ವಿವರಿಸಿದೆ. ಹೇಳುತ್ತ ಹೇಳುತ್ತ ಮನೆ ಕೈತಪ್ಪಿತು ಎಂದೇ ಅಂದುಕೊಂಡೆ.

ಓರ್ಲಾ ಪೆನ್ನು ಕೆಳಗಿಟ್ಟಳು. ಪಕ್ಕದ ಕೆರಿ ಜಿಲ್ಲೆಯ ಹಳ್ಳಿಯಲ್ಲಿದ್ದ ತನ್ನ ಅಜ್ಜಿ ಮೇ ತಿಂಗಳ ಮೊದಲ ದಿನ ಮನೆಯಿಂದ ಒಂದು ಲೋಟ ಹಾಲು ಹೊರಗೆ ಹೋಗಲು ಬಿಡುತ್ತಿರಲಿಲ್ಲ ಎಂದಳು. ಒಲೆಯ ಕೆಂಡವನ್ನೂ ಕೊಡುತ್ತಿರಲಿಲ್ಲವಂತೆ, ಕೊಟ್ಟರೆ ವರ್ಷದ ಅದೃಷ್ಟವೆಲ್ಲ ಅದರ ಹಿಂದೆಯೇ ಹೊರಟುಹೋಗುತ್ತದಂತೆ. ಆ ದಿನ ಹಾಲು ಕೇಳಿ ಬಂದ ಪಾದ್ರಿಯನ್ನೂ ಅಜ್ಜಿ ಬರಿಗೈಯಲ್ಲಿ ಕಳಿಸಿದ್ದಳಂತೆ. ಇಬ್ಬರೂ ನಕ್ಕೆವು. ಹಣ ಇತ್ತು, ಮನೆಯ ಪದ್ಧತಿಯ ಕಾರಣ ಮರುದಿನ ಕಳಿಸಿದರು ಎಂದು ತಾನೇ ಬರೆಯುವುದಾಗಿ ಹೇಳಿ, ಇನ್ನು ಮುಂದೆ ದಯವಿಟ್ಟು ಡೈರೆಕ್ಟ್ ಡೆಬಿಟ್ ಮಾಡಿಸಿ, ಆಗ ನೀವು ಕೊಟ್ಟಂತಾಗುವುದಿಲ್ಲ, ನಾವೇ ತೆಗೆದುಕೊಂಡಂತಾಗುತ್ತದೆ, ನಿಮ್ಮ ದೇವಿಯದ್ದೇನೂ ಅಭ್ಯಂತರವಿರಲಾರದು, ಆಲ್ ಗ್ರ್ಯಾಂಡ್, ಎಲ್ಲ ಸರಿಹೋಯಿತು ಎಂದಳು. ಈ ಸೂಕ್ಷ್ಮ ನಮ್ಮ ಯಾವ ಶಾಸ್ತ್ರಿಗಳಿಗೂ ಹೊಳೆದಿರಲಿಲ್ಲ.

ಕೆಲವು ವಾರಗಳ ಮೇಲೆ ಸಾಲ ಮಂಜೂರಾದ ಪತ್ರ ಬಂತು. ನಮ್ಮ ವಂಶದಲ್ಲಿ ಸಾಲ ಸಿಕ್ಕಿತೆಂದು ಕೇಸರಿಬಾತು ಮಾಡಿದವರು ನಾವೇ ಮೊದಲಿರಬೇಕು. ಇಳಾ ಎರಡು ಸಲ ಹಾಕಿಸಿಕೊಂಡು ಗೆಳತಿಯ ಮನೆಗೆ ಓಡಿದಳು. ಸುಧಾ ಪತ್ರವನ್ನು ನಿಧಾನವಾಗಿ ಓದಿದಳು. "ನಿಮಗೆ ಎಪ್ಪತ್ತು ಹತ್ತಿರ ಆಗೋವರೆಗೂ ಕಟ್ಬೇಕು. ಅಲ್ಲೀವರೆಗೂ ನಾವು ಇಲ್ಲೇ ಇರ್ತೀವಿ ಅಂತ ಬ್ಯಾಂಕ್‌ನವ್ರು ನಂಬಿದಾರೆ. ನಾವಿಬ್ರೂ ಇನ್ನೂ ಒಂದ್ಸಲಾನೂ ಹಾಗೆ ಹೇಳ್ಕೊಂಡಿಲ್ಲ ಅಲ್ವಾ?" ಎಂದಳು. ಹೌದು, ಹೇಳಿಕೊಂಡಿರಲಿಲ್ಲ. ಯಾವಾಗ ವಾಪಸ್ಸು ಎಂದು ಊರಿನವರು ಕೇಳಿದಾಗಲೆಲ್ಲ ಇನ್ನೆರಡು ವರ್ಷ ಎನ್ನುತ್ತ ಬಂದಿದ್ದೆವು.

ಆ ಭಾನುವಾರ ಅಣ್ಣನ ಮನೆಯಿಂದ ಅಮ್ಮ ಫೋನು ಮಾಡಿದಳು. ಎಂದಿನಂತೆ, "ಯಾವಾಗ ಬರ್ತೀರೋ?" ಎಂದು ಕೇಳಿದಳು. ಬಾಯಿಗೆ ಬಂದ ಎರಡು ವರ್ಷವನ್ನು ನುಂಗಿಕೊಂಡೆ.

"ಡಿಸೆಂಬರ್ ರಜೆಗೆ ಬರ್ತೀವಮ್ಮ."

"ರಜೆಗಾ?"

"ಹೂಂ, ರಜೆಗೆ."

ಮನೆಯ ವಿಷಯ ಹೇಗೆ ಹೇಳಲಿ ಎಂದು ತಡಕಾಡುತ್ತಿರುವಾಗ ಅಮ್ಮನೇ ಮಾತಾಡಿದಳು.

"ಮನೆ ತಗೊಳ್ಳೋ ವಿಷಯ ಇಳಾ ಆಗ್ಲೇ ಹೇಳಿದಾಳೆ. ಹಾಗಾದ್ರೆ ಗೃಹಪ್ರವೇಶಕ್ಕೆ ನಾನೇ ಬರ್ತೀನಿ. ಅಲ್ಲಿ ಚಳಿಗೆ ಏನೇನು ಬೇಕಾಗತ್ತೆ, ಸುಧಾನ ಕೇಳಿ ಹೇಳು."