ವಿಭೂತಿ ಹಚ್ಚಿದ ಶಾಫ್ಟು

ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಆದರೂ ಅಣ್ಣಿಗೇರಿ ರಸ್ತೆಯ ನಮ್ಮ ಶೆಡ್ಡಿನಲ್ಲಿ ಪ್ಲಾಸ್ಮಾ ಗನ್ನು ಹಿಡಿದು ಹನ್ನೆರಡು ವರ್ಷ ದುಡಿದಿದ್ದೆ. ಲೋಹದ ಪುಡಿಯನ್ನು ಉರಿಯಲ್ಲಿ ಕರಗಿಸಿ, ಸವೆದ ಶಾಫ್ಟಿನ ಮೇಲೆ ಎರಚಿ ಹೊಸ ಪದರು ಕೂರಿಸುವ ಕೆಲಸವದು. ಗನ್ನು ದೂರವಾದರೆ ಪುಡಿ ದಾರಿಯಲ್ಲೇ ಆರಿ ಪದರು ಪೊಳ್ಳಾಗುತ್ತದೆ. ಹತ್ತಿರವಾದರೆ ಶಾಫ್ಟು ಕಾದು ಪದರು ಸೀಳುತ್ತದೆ. ಕರೆಂಟು ಕಡಿಮೆಯಾದರೆ ಪುಡಿ ಕರಗುವುದೇ ಇಲ್ಲ. ಇದನ್ನೆಲ್ಲ ನಾನು ಉರಿಯ ಸದ್ದಿನಲ್ಲೇ ಹಿಡಿಯುತ್ತಿದ್ದೆ.

ನಮ್ಮ ಮಾಲಕರ ಬೀಗರ ಬೇಳೆ ಗಿರಣಿಯಿಂದ ಎರಡು ಶಾಫ್ಟು ಬಂದವು. ಮೊದಲನೆಯದಕ್ಕೆ ನಾನು ಹೊಡೆದ ಪದರು ವಾರದೊಳಗೆ ಕಿತ್ತೆದ್ದು, ಶಾಫ್ಟು ತಿರುಗಿ ಬಂತು. ಬೂಟಿಗೆ ಇನ್ನೂ ಎರೆಮಣ್ಣು ಮೆತ್ತದ ಹೊಸ ಇಂಜಿನಿಯರ್ ಸಾಹೇಬರು ಮುಂದೆ ಬಂದರು.

“ಗನ್ನು ಎಷ್ಟು ದೂರ ಹಿಡಿದಿದ್ರಿ ಮಿಸ್ತ್ರಿ?”

“ಅರ್ಧ ಗೇಣ್ರಿ.”

“ಗೇಣು ಯಾವ ಪುಸ್ತಕದಾಗ ಐತ್ರಿ?” ಎಂದು ನಕ್ಕರು.

ಮಾಲಕರು ತೀರ್ಪು ಕೊಟ್ಟೇಬಿಟ್ಟರು: “ಎರಡನೇದು ಸಾಹೇಬ್ರು ಹೊಡೀಲಿ. ಅದು ನಿಂತ್ರ ಗನ್ನು ಅವರಿಗೆ. ನೀ ಮರಳು ಸೋಸಕೋತ ಕುಂಡ್ರು.”

ಸಾಹೇಬರು ತಮ್ಮ ಕಂಪ್ಯೂಟರಿನಿಂದ ತೆಗೆದ ಕಾಗದ ನೋಡಿ ಕರೆಂಟು ಏರಿಸಿದರು, ಗನ್ನು ನಾಲ್ಕು ಬೆರಳಿಗೆ ತಂದರು.

“ಬ್ಯಾಡ್ರಿ, ಸೀಳತೈತಿ.”

“ಸುಮ್ಕಿರ್ರಿ, ಲೆಕ್ಕಾ ಹಾಕೀನಿ.”

ಅವರ ಲೆಕ್ಕದ ಪದರು ಆರುವುದರೊಳಗೆ ಬೇಸಿಗೆಯ ಎರೆ ಹೊಲದಂತೆ ಬಿರಿದಿತ್ತು. ಪುಡಿಯೇ ಖೊಟ್ಟಿ ಎಂದರು ಸಾಹೇಬರು.

ನಾನು ಎರಡೂ ಶಾಫ್ಟುಗಳನ್ನು ಬಾಜುಬಾಜು ಇಟ್ಟೆ. ಅವರದು ಮೈಯೆಲ್ಲ ಬಿರಿದಿತ್ತು. ನನ್ನದು ಒಂದೇ ಕಡೆ ಎದ್ದಿತ್ತು: ಮೂರು ಅಡ್ಡ ಪಟ್ಟೆ, ನಡುವೆ ಒಂದು ಬೊಟ್ಟು. ಅವರದರ ಬಿರುಕುಗಳ ನಡುವೆಯೂ ಪದರು ಎದ್ದ ಅದೇ ಗುರುತು!

ಮಾಲಕರು ದಿನಾ ಪೂಜೆ ಮಾಡುವುದು ಗನ್ನಿಗೆ. ಇದು ಬೀಗರ ಶಾಫ್ಟೆಂದು, ಪದರು ಹಿಡಿಯಲೆಂದು ಮರಳು ಹೊಡೆದು ತರಿತರಿ ಮಾಡಿದ ಮೈಗೇ ಮೂರು ಬೆರಳಿನ ವಿಭೂತಿ, ಎಣ್ಣೆಯ ಕುಂಕುಮ ಹಚ್ಚಿದ್ದರು. ಜಿಡ್ಡು ತಾಗಿದರೆ ಪದರು ಕಚ್ಚುವುದಿಲ್ಲವೆಂದು, ಆ ಮೈಗೆ ಯಾರ ಬೆರಳು ಸೋಕಿದರೂ ಶೆಡ್ಡು ಹಾರಿಹೋಗುವಂತೆ ಒದರುವ ನಾನೇ ಎರಡು ಸಲವೂ ಕೈ ಮುಗಿದು ನಿಂತಿದ್ದೆ. ಮಾಲಕರ ಬೆರಳಿಗೆ ಜಿಡ್ಡು ಇರುವುದಿಲ್ಲವೆಂದು ನಂಬಿದ್ದೆನೋ ಏನೋ.

“ಸಾವಕಾರ್ರ, ಪುಡಿ ಚಲೋ ಐತ್ರಿ. ವಿಭೂತಿ ಜಾಗಾ ತಪ್ಪೇತ್ರಿ.”

“ದೇವ್ರನ್ನ ದೂರತಿಯೇನಲೇ?”

“ದೇವ್ರನ್ನಲ್ರಿ. ನಿಮ್ಮ ಬೆರಳನ್ನ.”

ಮಾಲಕರು ಗುರುತಿನ ಮೇಲೆ ತಮ್ಮ ಮೂರು ಬೆರಳನ್ನೇ ಇಟ್ಟು ನೋಡಿದರು. ಅಗದಿ ಸರಿಯಾಗಿ ಕೂತವು. “ಮತ್ತ ಹೊಡಿ” ಎಂದರಷ್ಟೇ.

ಎರಡನ್ನೂ ಮೊದಲಿನಿಂದ ಮಾಡಿದೆ. ವಿಭೂತಿ ಈ ಸಲ ಸಾಹೇಬರ ಕಂಪ್ಯೂಟರಿಗೆ ಬಿತ್ತು. ಅರ್ಧ ಗೇಣಿನಲ್ಲಿ ಹೊಡೆದ ಪದರು ಇವತ್ತಿಗೂ ಬೇಳೆ ಒಡೆಸುತ್ತಿದೆ, ಗನ್ನೂ ನನ್ನ ಕೈಯಲ್ಲೇ ಇದೆ.

ಸಾಹೇಬರು ನನ್ನ ಗೇಣಿಗೆ ಸ್ಕೇಲು ಹಿಡಿದು, ಮಿಲಿಮೀಟರಿನಲ್ಲಿ ಅರ್ಧ ಮಾಡಿ, ಗೋಡೆಗೆ ಕಾಗದ ಅಂಟಿಸಿದರು. ಅಡಿಯಲ್ಲಿ ಸಹಿ ಅವರದೇ.