ಗೊಂಬೆಗಳಿಗೆ ಅಂಗಿ ಹೊಲಿಯುತ್ತಿದ್ದ ಚಿಗವ್ವ

ಅವಳ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿತ್ತು. ಯಾವಾಗಲೋ ಹೊಲಿಗೆ ಮಿಷಿನ್ನಿನ ಸೂಜಿ ಅದರೊಳಗೆ ಹೊಕ್ಕು ಹೊರಬಂದಿತ್ತಂತೆ. ಮಾನ್ವಿಯ ನಮ್ಮ ಓಣಿಯಲ್ಲಿ ಎದುರು ಮನೆಯವಳು. ರಕ್ತಸಂಬಂಧ ಇರಲಿಲ್ಲ, ಆದರೂ ನಮಗೆಲ್ಲ ಚಿಗವ್ವ. ದಾರ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಯಾರಾದರೂ ಅವಸರ ಮಾಡಿದರೆ, "ನಾ ಏನು ರೈಲೇನ್ರೀ?" ಎನ್ನುತ್ತಿದ್ದಳು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮೂರಿಗೆ ಗೊಂಬೆಯ ಹುಚ್ಚು ಹಿಡಿಯಿತು. ರಾಯಚೂರಿನ ಅಂಗಡಿಗಳಿಂದ ಬರುತ್ತಿದ್ದ ಪ್ಲಾಸ್ಟಿಕ್ ಗೊಂಬೆ. ಕೆಂಚು ಕೂದಲು, ನೀಲಿ ಕಣ್ಣು. ಮಲಗಿಸಿದರೆ ಕಣ್ಣು ಮುಚ್ಚುತ್ತಿತ್ತು, ಎತ್ತಿದರೆ ತೆರೆಯುತ್ತಿತ್ತು, ಬಗ್ಗಿಸಿದರೆ ಕೂಸಿನ ಹಾಗೆ ಅಳುತ್ತಿತ್ತು. ಮೊದಲು ಉಳ್ಳವರ ಗಾಜಿನ ಕಪಾಟಿಗೆ ಬಂತು, ಆಮೇಲೆ ಎಲ್ಲರ ಮನೆಗೂ. ಮದುವೆಯಾಗಿ ಹೋಗುವ ಹುಡುಗಿಯ ಟ್ರಂಕಿನಲ್ಲೂ ಒಂದು ಇರಲೇಬೇಕಾಯಿತು. ಅವಕ್ಕೆಲ್ಲ ಬಟ್ಟೆ ಹೊಲಿಯುವವಳು ಚಿಗವ್ವ. ಅವಳ ಕೈಗೆ ಬಂದ ನೀಲಿ ಕಣ್ಣಿನ ಗೊಂಬೆಗಳು ಇಳಕಲ್ ಸೀರೆಯ ತುಂಡುಟ್ಟು, ತಲೆ ಮೇಲೆ ಸೆರಗು ಹೊದ್ದು ಹೊರಬರುತ್ತಿದ್ದವು.

ಒಂದು ಬೇಸಿಗೆಯಲ್ಲಿ ದೇವದುರ್ಗದ ಸಂತೆಯಿಂದ ಸುದ್ದಿ ಬಂತು. ಗೊಂಬೆಗಳಿಗೆ ಹಚ್ಚಿದ್ದು ಸತ್ತ ಹೆಂಗಸರ ಕೂದಲಂತೆ. ತಾನಾಗಿ ಕಣ್ಣು ತೆರೆದ ಗೊಂಬೆ ಆ ಮನೆಯ ಕೂಸನ್ನು ಒಯ್ಯುತ್ತದಂತೆ. ಅದೇ ವಾರ ಹತ್ತಿರದ ಮಲ್ಲಟದಲ್ಲಿ ಒಂದು ಮಗು ಜ್ವರದಿಂದ ತೀರಿಕೊಂಡಿತು. ಪಕ್ಕದಲ್ಲೇ ಗೊಂಬೆ ಇತ್ತೆಂದು ಜನ ಆಡಿಕೊಂಡರು. ಗೊಂಬೆಗಳನ್ನು ತಿಪ್ಪೆಯಲ್ಲಿ ಸುಟ್ಟರು, ಬಾವಿಗೆ ಎಸೆದರು. ನೀರಿಗೆ ಹೋದ ಹೆಂಗಸೊಬ್ಬಳು ಬಾವಿಯಲ್ಲಿ ತೇಲುವ ಮುಖ ಕಂಡು ಕೊಡ ಬಿಟ್ಟು ಓಡಿಬಂದಳು. ನಾನು ನನ್ನ ಗೊಂಬೆಯನ್ನು ಕಪಾಟಿನಲ್ಲಿ ಗೋಡೆಗೆ ಮುಖ ಮಾಡಿ ಇಟ್ಟೆ. ಆದರೂ ಅದು ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು.

ಆಮೇಲೆ ನನಗೂ ಜ್ವರ ಬಂತು, ಇಳಿಯಲೇ ಇಲ್ಲ. ಅಪ್ಪ ಊರಲ್ಲಿರಲಿಲ್ಲ. ಅಜ್ಜಿ ಬರೆ ಹಾಕುವ ಮುದುಕನನ್ನು ಕರೆಸಿದಳು. ಗೊಂಬೆ ಹಿಡಿದದ್ದು ಬಿಡಬೇಕಾದರೆ ಹೊಟ್ಟೆಗೆ ಬರೆ ಎಳೆಯಬೇಕೆಂದ. ಒಲೆಯಲ್ಲಿ ಕುಡುಗೋಲು ಕೆಂಪಾಗುವುದನ್ನು ಚಾಪೆಯ ಮೇಲಿಂದ ನೋಡುತ್ತಿದ್ದೆ. ಅವ್ವ ನನ್ನ ಕಾಲು ಒತ್ತಿ ಹಿಡಿದು ಅಳುತ್ತಿದ್ದಳು.

ಅಷ್ಟರಲ್ಲಿ ಚಿಗವ್ವ ಒಳಗೆ ಬಂದಳು. "ಬ್ಯಾಡ ಬಿಡ್ರಿ ಯವ್ವಾ, ಕೂಸು ತಡಕೊಳ್ಳಾಂಗಿಲ್ಲ."

"ನೀ ಅಂಗಿ ಹೊಲಿದು ಹೊಲಿದೇ ಅದಕ್ಕ ಜೀವ ಬಂದದ," ಎಂದಳು ಅಜ್ಜಿ.

ಚಿಗವ್ವನ ಮುಖ ಬಿಳಿಚಿಕೊಂಡಿತು. ಹೋಗಿ ಕಪಾಟಿನಿಂದ ಗೊಂಬೆ ತೆಗೆದಳು. ಅದು ಅವಳ ಕೈಯಲ್ಲಿ ಒಮ್ಮೆ ಅತ್ತಿತು. ಬಾಗಿಲಲ್ಲಿ ನಿಂತವರು ಹಿಂದೆ ಸರಿದರು. ಅದನ್ನು ಸೀರೆಯ ಉಡಿಯಲ್ಲಿ ಕಟ್ಟಿಕೊಂಡಳು.

"ಇದನ್ನ ನಾ ಒಯ್ಯಾಕತ್ತೀನಿ. ಏನಾರ ಬಂದ್ರ ನನಗ ಬರಲಿ. ಕೂಸಿನ್ನ ಕೊಡ್ರಿ, ದವಾಖಾನಿಗೆ ಹೋಗೂಣು."

ಅವ್ವ ನನ್ನ ಕಾಲು ಬಿಟ್ಟಳು.

ರಾಯಚೂರಿನ ಬಸ್ಸಿನಲ್ಲಿ ಗುಂಡಿ ಬಂದಾಗಲೆಲ್ಲ ಚಿಗವ್ವನ ಉಡಿಯೊಳಗಿಂದ ಗೊಂಬೆ ಅಳುತ್ತಿತ್ತು. ಪಕ್ಕದವರು ಎದ್ದು ಹಿಂದಿನ ಸೀಟಿಗೆ ಹೋದರು. ಅವಳು ನನ್ನ ಕಿವಿ ಮುಚ್ಚಿ ಎದೆಗೆ ಅವುಚಿಕೊಂಡಳು. ಅವಳ ಎದೆ ಹೊಡೆದುಕೊಳ್ಳುವುದು ನನಗೆ ಕೇಳುತ್ತಿತ್ತು.

ಅದು ವಿಷಮಶೀತ ಜ್ವರ ಎಂದರು ಡಾಕ್ಟರು. ನಾನು ಉಳಿದೆ. ಗೊಂಬೆ ಚಿಗವ್ವನ ಮನೆಯಲ್ಲೇ ಇದ್ದುದರಿಂದ ಅವಳ ಬಾಗಿಲಿಗೆ ಬಹಳ ಕಾಲ ಯಾರೂ ಬಟ್ಟೆ ತರಲಿಲ್ಲ. ಹೆಂಗಸರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆ ಮನೆ ದಾಟುತ್ತಿದ್ದರು. ಆಮೇಲೆ ಗೊಂಬೆಯ ಹುಚ್ಚೂ ಹೋಯಿತು, ಅಂಜಿಕೆಯೂ ಹೋಯಿತು. ಅವರೇ ಕುಪ್ಪಸ ಹೊಲಿಸಲು ಬಂದರು. ಅವಳು ಒಂದು ಮಾತೂ ಎತ್ತದೆ ಹೊಲಿದುಕೊಟ್ಟಳು.

ಎಂಬತ್ತರ ದಶಕದ ಕೊನೆಗೆ, ಅವಳು ಹಾಸಿಗೆ ಹಿಡಿದಾಗ ಕೇಳಿದೆ: "ಚಿಗವ್ವಾ, ಅವತ್ತು ನಿನಗ ಅಂಜಿಕಿ ಆಗಲಿಲ್ಲೇನು? ಅದೆಲ್ಲಾ ಸುಳ್ಳು ಅಂತ ಗೊತ್ತಿತ್ತೇನು?"

"ಎಲ್ಲೀದವ್ವಾ! ನಾನೂ ಖರೇ ಅಂತನ ತಿಳಿದಿದ್ದೆ. ಬಿಸಾಡಿದ್ರ ಮತ್ತ ನಿನ್ನ ಕಡೀಗೇ ಬರ್ತದ ಅಂತ ಮನ್ಯಾಗ ಇಟಗೊಂಡೆ."

ಅದೇ ವರ್ಷ ಚಳಿಗಾಲದಲ್ಲಿ ತೀರಿಹೋದಳು. ನಮ್ಮ ಓಣಿಯ ನನ್ನ ವಾರಿಗೆಯ ಹಲವರ ಹೊಟ್ಟೆಯ ಮೇಲೆ ಇಂದಿಗೂ ಬರೆಯ ಗುರುತಿದೆ. ನನ್ನ ಮೈಮೇಲೆ ಇಲ್ಲ.