ತೊಳೆದಿಟ್ಟ ನೆರೆ

ನಮ್ಮ ಹಿಟ್ಟಿನ ಮಿಲ್ಲಿಗೆ ವಿಮೆ ಮಾಡಿಸಿದ್ದು ನಾನು. ಬೇಡವೆಂದು ಹಟ ಹಿಡಿದದ್ದು ಅತ್ತೆ. ಗಂಡ ಎಂದಿನಂತೆ ಇಬ್ಬರ ಮಾತಿಗೂ ತಲೆಯಾಡಿಸಿ ಪೇಪರು ಓದುತ್ತಾ ಕೂತಿದ್ದರು.

ಮಿಲ್ಲು ಎಂದರೆ ದೊಡ್ಡದೇನಲ್ಲ. ಕಟಪಾಡಿಯಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮ ಮನೆ. ಅಂಗಳದಿಂದ ಮೆಟ್ಟಿಲಿಳಿದರೆ ಹಿಂದೆ ದನದ ಹಟ್ಟಿಯಿದ್ದ ಜಾಗದಲ್ಲಿ ಒಂದು ಮೋಟಾರು, ಅಕ್ಕಿಗೊಂದು ಯಂತ್ರ, ಮೆಣಸಿಗೊಂದು ಯಂತ್ರ. ಗಂಡ ಮಸ್ಕತ್ತಿನ ಕೆಲಸ ಬಿಟ್ಟು ಬಂದ ಮೇಲೆ ಮನೆ ನಡೆಯುತ್ತಿರುವುದು ಆ ಮೋಟಾರಿನಿಂದಲೇ. ಬೆಲ್ಟು ಹಾಕುವವಳು ನಾನು, ಗ್ರೀಸು ಹಚ್ಚುವವಳು ನಾನು, ಮೆಣಸಿನ ಘಾಟಿಗೆ ಸೀನುವವಳೂ ನಾನೇ. ಯಾರಾದರೂ ‘ನಿಮ್ಮ ಯಜಮಾನರ ಮಿಲ್ಲು’ ಎಂದರೆ ಅವರ ಡಬ್ಬ ಆ ದಿನ ಸಾಲಿನ ಕೊನೆಗೆ ಹೋಗುತ್ತದೆ.

ವಿಮೆಯ ಏಜೆಂಟರು ಒಂದು ಸಂಜೆ ಮನೆಗೆ ಬಂದು ಚಾವಡಿಯಲ್ಲಿ ಕೂತು ನೆರೆಯ ವಿಷಯ ವಿವರಿಸತೊಡಗಿದರು. ನೂರು ವರ್ಷಕ್ಕೊಮ್ಮೆ ಬರುವಂಥ ದೊಡ್ಡ ನೆರೆ ಎಂದು ಒಂದು ಲೆಕ್ಕ ಉಂಟು ಎಂದರು.

“ಅದು ಬಂದಾಯಿತಲ್ಲ,” ಎಂದರು ಅತ್ತೆ. “ನಾನು ಮದುವೆಯಾಗಿ ಬಂದ ವರ್ಷವೇ ಬಂತು. ಇನ್ನು ಬರುವಾಗ ನಾವು ಯಾರೂ ಇರುವುದಿಲ್ಲ.”

“ಹಾಗಲ್ಲ ಅಮ್ಮ. ಒಮ್ಮೆ ಬಂದರೆ ಮತ್ತೆ ನೂರು ವರ್ಷ ಬರುವುದಿಲ್ಲ ಅಂತ ಅಲ್ಲ. ಈ ವರ್ಷ ಬಂದು ಮುಂದಿನ ವರ್ಷವೂ ಬರಬಹುದು.”

“ಮತ್ತೆ ನೂರು ವರ್ಷ ಅಂತ ಹೇಳಿದ್ದು ಎಂತಕ್ಕೆ?”

ಏಜೆಂಟರು ಚಹಾ ಕುಡಿದರು. ಪ್ರಶ್ನೆ ಸರಿಯಾಗಿಯೇ ಇತ್ತು, ನಾನೂ ಅವರ ಮುಖ ನೋಡಿದೆ. ಅವರು ಇನ್ನೊಮ್ಮೆ ಮೊದಲಿನಿಂದ ಶುರು ಮಾಡಿದಾಗ ಅತ್ತೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಒಮ್ಮೆ ಹೇಳಿದ್ದು ಸಾಕು. ನೆರೆ ನೆರೆ ಅಂತ ಗಟ್ಟಿಯಾಗಿ ಹೇಳಬೇಡಿ. ಹೊಳೆ ಇಲ್ಲೇ ಉಂಟು.” ಆಮೇಲೆ ಏಜೆಂಟರು ಕೂಡ ಗುಟ್ಟು ಹೇಳುವವರಂತೆ ಮಾತಾಡಿ ನನ್ನ ಸಹಿ ತೆಗೆದುಕೊಂಡು ಹೋದರು.

ಮರುವರ್ಷ ಮಳೆಗಾಲದಲ್ಲಿ, ಆಟಿ ತಿಂಗಳಿಗೆ ಸ್ವಲ್ಪ ಮೊದಲು, ಕಾರ್ಕಳದಲ್ಲಿ ನಮ್ಮ ಹತ್ತಿರದವರ ಗೃಹಪ್ರವೇಶ. ನಾನೂ ಗಂಡನೂ ಹೊರಟಾಗ ಕಟಪಾಡಿಯಲ್ಲಿ ಒಳ್ಳೆಯ ಬಿಸಿಲು. ಅತ್ತೆ ಅಪರೂಪದ ಬಿಸಿಲೆಂದು ಮನೆಯ ಕಂಬಳಿಯನ್ನೆಲ್ಲ ಹೊರಗೆ ಹರವಿದ್ದರು. ಕಾರ್ಕಳದಲ್ಲಿ ನೋಡಿದರೆ ಪಕ್ಕದವರ ಮಾತು ಕೇಳದಷ್ಟು ಮಳೆ. ನಮ್ಮ ಹೊಳೆ ಏರುವುದು ನಮ್ಮ ಮಳೆಗಲ್ಲ, ಮೇಲಿನ ಊರವರ ಮಳೆಗೆ. ಆ ಹೊತ್ತಿಗೆ ಸಮುದ್ರದಲ್ಲಿ ಉಬ್ಬರವಿದ್ದರೆ ನೀರಿಗೆ ಮುಂದೆ ಹೋಗಲು ದಾರಿಯಿಲ್ಲ, ತೋಟಕ್ಕೆ ನುಗ್ಗುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಫೋನು ಮಾಡಿದೆ.

“ಇಲ್ಲಿ ಒಂದು ಹನಿ ಇಲ್ಲ. ಪಾಯಸ ಉಂಟಾ? ಸರಿ ಊಟ ಮಾಡಿ ಬನ್ನಿ,” ಎಂದರು ಅತ್ತೆ.

ಊಟ ಮಾಡಿದೆವು, ಬರಲಾಗಲಿಲ್ಲ. ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತು. ಸಂಜೆ ಮತ್ತೆ ಫೋನು ಮಾಡಿದರೆ ‘ಸ್ವಲ್ಪ ನೀರು ಬಂದಿತ್ತು, ಇಳಿಯಿತು, ನೀವು ಅಲ್ಲೇ ಇರಿ’ ಎಂದು ಇಟ್ಟುಬಿಟ್ಟರು.

ಮರುದಿನ ಬಂದು ನೋಡಿದರೆ ಮನೆಗೆ ಏನೂ ಆಗಿರಲಿಲ್ಲ. ಮಿಲ್ಲಿನೊಳಗೆ ಕೆಸರು, ಗೋಡೆಯ ಮೇಲೆ ಕಂದು ಬಣ್ಣದ ಗೆರೆ, ಮೋಟಾರು ಗದ್ದೆಯಿಂದ ಅಗೆದು ತಂದ ಗೆಡ್ಡೆಯ ಹಾಗೆ. ನನಗೆ ಅಳು ಬಂತು. ಅತ್ತು ಮುಗಿಸಿ ವಿಮೆಯ ಆಫೀಸಿಗೆ ಫೋನು ಮಾಡಿದೆ. ಏನನ್ನೂ ಮುಟ್ಟಬೇಡಿ, ನಾಳೆ ಮಧ್ಯಾಹ್ನ ಸರ್ವೇಯರು ಬಂದು ನೋಡುತ್ತಾರೆ ಎಂದರು. ಅತ್ತೆಯನ್ನು ಎದುರು ನಿಲ್ಲಿಸಿ ಅದನ್ನು ಹೇಳಿದೆ. ಅವರು ತಲೆಯಾಡಿಸಿದರು. ತಾಯಿಯಿಂದಲೇ ಮಗ ಕಲಿತದ್ದು ಎಂದು ನನಗೆ ಆಗ ಹೊಳೆಯಬೇಕಿತ್ತು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಕಾಗದಪತ್ರ ಕೊಡಲು ಬನ್ನಂಜೆಯ ವಿಮೆ ಆಫೀಸಿಗೆ ಹೋಗಿ ಬಂದೆವು. ಅಂಗಳಕ್ಕೆ ಕಾಲಿಟ್ಟಾಗಲೇ ಫಿನಾಯಿಲಿನ ವಾಸನೆ. ಮಿಲ್ಲಿನ ನೆಲ ಕನ್ನಡಿಯಂತಿತ್ತು. ಗೋಡೆಗೆ ಹೊಸ ಸುಣ್ಣ, ಇನ್ನೂ ಹಸಿ. ಮೋಟಾರಿನ ಮೈಗೆ ತೆಂಗಿನೆಣ್ಣೆ ಒರೆಸಿ, ಕುಂಕುಮ ಇಟ್ಟು, ಮೇಲೊಂದು ದಾಸವಾಳ. ಆಯುಧಪೂಜೆಗೆ ಕೂಡ ನಾನು ಅಷ್ಟು ಚಂದ ಮಾಡಿದವಳಲ್ಲ. ಪಕ್ಕದ ಮನೆಯ ಬಾಯಮ್ಮ ಸೆರಗು ಸಿಕ್ಕಿಸಿಕೊಂಡು ಬಕೆಟು ಕವುಚಿ ಇಡುತ್ತಿದ್ದರು.

“ನಮ್ಮ ಇಗರ್ಜಿಯ ಫಾದರ್ ಬರುವಾಗಲೂ ನಾವು ಇಷ್ಟು ತೊಳೆಯುವುದಿಲ್ಲ,” ಎಂದರು ಬಾಯಮ್ಮ, ಹೆಮ್ಮೆಯಿಂದ.

“ಮುಟ್ಟಬೇಡಿ ಅಂದಿದ್ದೆನಲ್ಲ ಅತ್ತೆ.”

“ಮುಟ್ಟಲಿಲ್ಲ. ಪೈಪಿನಲ್ಲಿ ನೀರು ಬಿಟ್ಟದ್ದು. ಆಫೀಸಿನ ಜನ ಬರುವಾಗ ಮನೆ ಹಾಗೆ ಇಡ್ಲಿಕ್ಕೆ ಆಗ್ತದಾ? ನೋಡಿದವರು ಎಂತ ಹೇಳಿಯಾರು?”

ನೋಡಿದವರು ಅಯ್ಯೋ ಪಾಪ ಎನ್ನಬೇಕು, ಅದಕ್ಕಾಗಿಯೇ ಅವರು ಬರುವುದು ಎಂದು ನಾನು ಹೇಳುವಷ್ಟರಲ್ಲಿ ಗೇಟಿನ ಸದ್ದಾಯಿತು.

ಸರ್ವೇಯರು ನಡುವಯಸ್ಸಿನ, ಸಮಾಧಾನದ ಮನುಷ್ಯ. ನೆಲ ಒದ್ದೆಯುಂಟು, ಚಪ್ಪಲಿ ಹೊರಗಿಡಿ ಎಂದು ಅತ್ತೆ ಆಜ್ಞೆ ಮಾಡಿದ ಮೇಲೆ ಬರಿಗಾಲಲ್ಲಿ ಒಳಗೆ ಬಂದರು. ಗೋಡೆ ನೋಡಿದರು, ದಾಸವಾಳ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ನೆರೆ ಬಂದದ್ದು ಇಲ್ಲಿಗೇ ಅಲ್ವಾ?”

“ಎಂತದೂ ಆಗಲಿಲ್ಲ. ದೇವರ ದಯೆ,” ಎಂದರು ಅತ್ತೆ, ಗೋಳಿಬಜೆಯ ತಟ್ಟೆ ಮುಂದೆ ಹಿಡಿದು. “ಮೊದಲು ತಿನ್ನಿ, ತಣಿದರೆ ಚಂದ ಇಲ್ಲ.”

ಗಂಡ ಛಾವಣಿಯ ಹಂಚು ನೋಡುತ್ತಾ ನಿಂತರು. ನನ್ನ ಪಿತ್ತ ನೆತ್ತಿಗೇರಿತು. “ಅತ್ತೆ, ಈ ಮೋಟಾರು ಹೋದರೆ ನಮ್ಮ ಅನ್ನ ಹೋಯಿತು. ನೀವು ನಿಜ ಹೇಳದಿದ್ದರೆ ನಾಳೆಯಿಂದ ನಾನು ಇಲ್ಲಿ ಕೂತು ಎಂತ ಮಾಡುವುದು, ಭಜನೆಯಾ?”

ಸರ್ವೇಯರು ಗೋಳಿಬಜೆ ತಿಂದು ಕೈ ಒರೆಸಿಕೊಂಡು, ಗಂಡನಿಂದ ಸ್ಕ್ರೂಡ್ರೈವರು ಕೇಳಿ ಮೋಟಾರಿನ ಮುಚ್ಚಳ ಬಿಚ್ಚಿದರು. ಒಳಗಿನಿಂದ ಚಹಾದ ಬಣ್ಣದ ನೀರು, ಹಿಂದೆಯೇ ಮರಳು, ತೊಳೆದ ನೆಲದ ಮೇಲೆ ಬಳಬಳನೆ ಸುರಿಯಿತು. ಅಷ್ಟು ಚಂದದ ಕೆಸರನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಅತ್ತೆ ಬಾಯಮ್ಮನ ಕೈಯಿಂದ ನೆಲ ಒರೆಸುವ ಬಟ್ಟೆ ಕಸಿದುಕೊಂಡರು.

“ಅಮ್ಮ, ಅದನ್ನು ಒರೆಸಬೇಡಿ. ಇಡೀ ಮಿಲ್ಲಿನಲ್ಲಿ ಉಳಿದ ಸಾಕ್ಷಿ ಅದೊಂದೇ,” ಎಂದು ಸರ್ವೇಯರು ಬಟ್ಟೆಗೆ ಅಡ್ಡ ನಿಂತು ಫೋಟೋ ತೆಗೆದರು. ಆಮೇಲೆ ನನಗೆ ಹೇಳಿದರು, “ಮೋಟಾರಿಗೆ ಇದು ಸಾಕು. ಆದರೆ ನೀರು ಎಷ್ಟು ಎತ್ತರಕ್ಕೆ ಬಂದಿತ್ತು ಅಂತ ನಾನು ಬರೆಯಬೇಕು. ಗೋಡೆಯಲ್ಲಿ ಗೆರೆ ಇಲ್ಲ. ನೀರು ನಿಂತದ್ದನ್ನು ಕಣ್ಣಾರೆ ನೋಡಿದವರು ಯಾರಾದರೂ ಹೇಳಬೇಕು. ಇಲ್ಲದಿದ್ದರೆ ಕ್ಲೇಮು ನಿಲ್ಲುವುದಿಲ್ಲ.”

ಗೆರೆ ನೋಡಿದ್ದೆ, ಎಷ್ಟು ಎತ್ತರ ಎಂದು ನೋಡಿರಲಿಲ್ಲ, ನನ್ನ ಕಣ್ಣು ಮೋಟಾರಿನ ಮೇಲಿತ್ತು. ನೀರು ಬಂದಾಗ ನಾವು ಕಾರ್ಕಳದಲ್ಲಿ ಪಾಯಸ ತಿನ್ನುತ್ತಿದ್ದವರು. ಬಾಯಮ್ಮ ತಮ್ಮ ಮನೆಯ ಉಪ್ಪರಿಗೆಯಲ್ಲಿದ್ದರಂತೆ. ಎಲ್ಲರೂ ಅತ್ತೆಯ ಕಡೆ ತಿರುಗಿದೆವು. ಅವರು ಒದ್ದೆ ಬಟ್ಟೆಯನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದರು.

“ಮೊದಲು ಇಳಿಯುವಾಗ ಮೊಣಕಾಲು ತನಕ ಇತ್ತು,” ಎಂದರು. “ಮತ್ತೆ ಸೊಂಟ.” ಗೋಡೆಯ ಹತ್ತಿರ ಹೋಗಿ ಬೆನ್ನು ತಾಗಿಸಿ ನಿಂತು, ಅಂಗೈಯನ್ನು ಕುತ್ತಿಗೆಯ ಬುಡಕ್ಕೆ ಹಿಡಿದರು. “ಕೊನೆಗೆ ಇಲ್ಲಿ.”

“ನೀವು ಒಳಗೆ ಇದ್ದಿರಾ ಅಮ್ಮ?”

“ಮತ್ತೆ? ಊರವರು ಬಿಟ್ಟುಹೋದ ಅಕ್ಕಿ ಇತ್ತಲ್ಲ, ಮೆಣಸು ಇತ್ತಲ್ಲ. ನಮ್ಮದಾದರೆ ಹೋಗಲಿ ಅಂತ ಬಿಡಬಹುದು. ಎಲ್ಲ ಡಬ್ಬ ಮೇಲೆ ಇಟ್ಟು ಬಂದೆ. ಕೊನೆಯದಕ್ಕೆ ಇಳಿದಾಗ ಕರೆಂಟು ಹೋಯಿತು, ಬಾಗಿಲು ಎಲ್ಲಿ ಅಂತ ಗೊತ್ತಾಗಲಿಲ್ಲ. ಗೋಡೆ ಹಿಡಿದು ಹಿಡಿದು ಸುತ್ತು ಬಂದೆ.” ಗಂಡ ಅಮ್ಮಾ ಎಂದರು. ಅತ್ತೆ ಅವರತ್ತ ನೋಡದೆ ಮುಂದುವರಿಸಿದರು. “ಆ ಗೆರೆ ನೋಡುವಾಗ ನನಗೆ ಉಸಿರು ಕಟ್ಟಿದ ಹಾಗೆ ಆಗ್ತದೆ. ಅದಕ್ಕೇ ಸುಣ್ಣ ಬಳಿದದ್ದು.”

ಎರಡು ದಿನದಿಂದ ನಾನು ಮೋಟಾರಿಗಾಗಿ ಅಳುತ್ತಿದ್ದೆ.

ಸರ್ವೇಯರು ಟೇಪು ಬಿಚ್ಚಿ ಒಂದು ತುದಿ ನೆಲಕ್ಕೆ ಒತ್ತಿ, ಇನ್ನೊಂದನ್ನು ಅತ್ತೆಯ ಕೈಯವರೆಗೆ ಎಳೆದರು. ನೀರು ಇನ್ನೂ ಅಲ್ಲೇ ಇರುವ ಹಾಗೆ ಅತ್ತೆ ಗಲ್ಲ ಮೇಲೆತ್ತಿದರು. ನಾನು ಹೋಗಿ ಆ ಕೈಯನ್ನು ಕುತ್ತಿಗೆಯಿಂದ ಇಳಿಸಿ ಗಟ್ಟಿಯಾಗಿ ಹಿಡಿದುಕೊಂಡೆ.

“ಸ್ವಲ್ಪ ತಾಳಿ,” ಎಂದರು ಸರ್ವೇಯರು. “ಕೈ ತೆಗೆದರೆ ಅಳತೆ ತಪ್ತದೆ.”

“ತಪ್ಪಲಿ,” ಎಂದೆ.